ಅಕ್ಷರ ಎಷ್ಟು ದೊಡ್ಡದಿರಬೇಕು?

ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೀವೆಲ್ಲ ನೋಡಿದ್ದೀರಿ. 60 ಮೀಟರ್ ಎತ್ತರದ ಯಂತ್ರವೊಂದು 3 ಕಿ.ಮೀ. ದೂರದಿಂದ ಎಷ್ಟು ಕಾಣುತ್ತದೆ? ಎತ್ತರವು ದೂರದ ಐವತ್ತನೇ ಒಂದು ಭಾಗ. ತೋಳು ಚಾಚಿ ಕಿರುಬೆರಳನ್ನು ಕಣ್ಣಿನ ಮುಂದೆ ಹಿಡಿಯಿರಿ; ಅದರ ಅಗಲವೂ ದೂರದ ಸುಮಾರು ಐವತ್ತನೇ ಒಂದು ಭಾಗವೇ. ಇಡೀ ಯಂತ್ರ ಬೆರಳ ಹಿಂದೆ ಅಡಗುತ್ತದೆ! ಕಣ್ಣು ಅಳೆಯುವುದು ವಸ್ತುವಿನ ಗಾತ್ರವನ್ನಲ್ಲ, ಅದು ಕಣ್ಣಿನಲ್ಲಿ ಮಾಡುವ ಕೋನವನ್ನು.

ಈ ಲೆಕ್ಕ ಈಗ ಮನೆಯೊಳಗೂ ಬೇಕಾಗಿದೆ. ಹಿರಿಯೂರಿನ ಬೇಸಿಗೆಯ ಬಿಸಿಲಿಗೋ ಹೊಳಲ್ಕೆರೆಯ ಮಳೆಗೋ ರಸ್ತೆಗಿಳಿಯಲಾರದವರು ಸೈಕಲ್ಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಜ್ವಿಫ್ಟ್‌ನಂಥ ಆ್ಯಪ್ ತೆರೆದು, ನಿಂತಲ್ಲೇ ತುಳಿಯಬಹುದು. ವೇಗ, ತುಳಿತದ ಶಕ್ತಿ, ಹೃದಯ ಬಡಿತ ಎಲ್ಲವೂ ಪರದೆಯ ಮೇಲೆ ಮೂಡುತ್ತವೆ. ಆದರೆ ಬೆವರು ಕಣ್ಣಿಗಿಳಿದು ತಲೆ ಅಲುಗಾಡುತ್ತಿರುವಾಗ 138 ಎಂಬುದು 188ರಂತೆ ಕಂಡರೆ? 188 ಇದ್ದದ್ದು 138ರಂತೆ ಕಂಡರೆ? ಐವತ್ತು ದಾಟಿದ ತಂದೆಯ ಪಾಲಿಗೆ ಇದು ಬರೀ ಅಂಕಿಯ ತಪ್ಪಲ್ಲ. ಸರಿಯಾಗಿ ಕಾಣಲೆಂದು ಗಂಟೆಗಟ್ಟಲೆ ಕತ್ತು ಬಗ್ಗಿಸುವ ಮಗನ ಪಾಲಿಗೂ ಒಳ್ಳೆಯದಲ್ಲ.

ಹಾಗಾದರೆ ಅಕ್ಷರ ಎಷ್ಟಿರಬೇಕು? ನೆದರ್ಲೆಂಡ್ಸ್‌ನ ಕಣ್ಣಿನ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ಇದಕ್ಕೊಂದು ಅಳತೆ ಕೊಟ್ಟರು. ಒಂದು ಡಿಗ್ರಿಯನ್ನು 60 ನಿಮಿಷಗಳಾಗಿ ಭಾಗಿಸಿದರೆ, ಅದರಲ್ಲಿ 5 ನಿಮಿಷದಷ್ಟು ಕೋನ ಮಾಡುವ ಅಕ್ಷರವನ್ನು ಆರೋಗ್ಯವಂತ ಕಣ್ಣು ಗುರುತಿಸಬಲ್ಲದು. 6 ಮೀಟರ್ ದೂರದಲ್ಲಿ ಅಂಥ ಅಕ್ಷರದ ಎತ್ತರ ಸುಮಾರು 9 ಮಿಲಿಮೀಟರ್. ಕಣ್ಣಾಸ್ಪತ್ರೆಯ ಫಲಕದ '6/6' ಸಾಲು ಇದೇ. ಆದರೆ ಅದು ಕಡೆಯ ಮಿತಿ. ಆಯಾಸವಿಲ್ಲದೆ ಓದಲು ಅದರ ಮೂರು ಪಟ್ಟಾದರೂ ಬೇಕು. ಸುಲಭ ಸೂತ್ರ ಹೀಗೆ: ಕಣ್ಣಿನಿಂದ ಪರದೆಗಿರುವ ದೂರವನ್ನು 200ರಿಂದ ಭಾಗಿಸಿ. 60 ಸೆಂಟಿಮೀಟರ್‌ಗೆ 3 ಮಿಲಿಮೀಟರ್. 3 ಮೀಟರ್‌ಗೆ 15 ಮಿಲಿಮೀಟರ್. ತುಳಿಯುವಾಗ ತಲೆ ಅಲುಗುವುದರಿಂದ ಇದರ ಒಂದೂವರೆ ಪಟ್ಟು ಇಟ್ಟುಕೊಳ್ಳುವುದು ಮೇಲು.

ದೊಡ್ಡ ಟಿವಿ ಕೊಂಡರೆ ತೊಂದರೆ ತೀರಿತು ಎನ್ನುವವರು ಒಮ್ಮೆ ಲೆಕ್ಕ ಮಾಡಿ ನೋಡಲಿ. 6 ಇಂಚಿನ ಫೋನು 60 ಸೆಂಟಿಮೀಟರ್ ದೂರದಲ್ಲಿ ಎಷ್ಟು ಕಾಣುತ್ತದೋ, 30 ಇಂಚಿನ ಟಿವಿ 3 ಮೀಟರ್ ದೂರದಲ್ಲಿ ಅಷ್ಟೇ ಕಾಣುತ್ತದೆ. ಟಿವಿಯನ್ನು ಹತ್ತಿರ ತಂದರೆ ಮಾತ್ರ ಲಾಭ.

ಫೋನಿನಲ್ಲಿ ಗಾತ್ರ ಬದಲಿಸುವ ಸೆಟ್ಟಿಂಗ್‌ಗಳು ಎರಡಿವೆ. 'ಫಾಂಟ್ ಸೈಜ್' ಅಕ್ಷರವನ್ನಷ್ಟೇ ಬೆಳೆಸುತ್ತದೆ. 'ಡಿಸ್‌ಪ್ಲೇ ಸೈಜ್' ಅಕ್ಷರ, ಚಿತ್ರ, ಗುಂಡಿಗಳನ್ನೆಲ್ಲ ಒಟ್ಟಿಗೆ ಬೆಳೆಸುತ್ತದೆ. ಆ್ಯಂಡ್ರಾಯ್ಡ್‌ಗೆ ಇದು ಬಂದದ್ದು 2016ರ ಏಳನೇ ಆವೃತ್ತಿಯಲ್ಲಿ. ಆಟದ ಮಾದರಿಯ ಕೆಲವು ಆ್ಯಪ್‌ಗಳು ತಮ್ಮ ಅಕ್ಷರವನ್ನು ತಾವೇ ಬಿಡಿಸಿಕೊಳ್ಳುವುದರಿಂದ ಈ ಎರಡಕ್ಕೂ ಜಗ್ಗುವುದಿಲ್ಲ. ಆಗ ಆ್ಯಪ್‌ನೊಳಗಿನ ಸೆಟ್ಟಿಂಗ್ ಹುಡುಕಬೇಕು. ಅಲ್ಲೂ ಇಲ್ಲದಿದ್ದರೆ ಪರದೆಯನ್ನೇ ಹತ್ತಿರ ತರಬೇಕು. ಗಾತ್ರ ಹೆಚ್ಚಿದಂತೆ ಪರದೆಯಲ್ಲಿ ಹಿಡಿಸುವ ವಿಷಯ ಕಡಿಮೆಯಾಗುತ್ತದೆ. ಗುಂಡಿಯೊಂದು ಅಂಚಿನಾಚೆ ಜಾರಿದರೂ ಆಶ್ಚರ್ಯವಿಲ್ಲ. ಆದ್ದರಿಂದ ಬೇಡದ ಅಂಕಿಗಳನ್ನು ಮರೆಮಾಡಿ, ಬೇಕಾದ ಎರಡು ಮೂರನ್ನಷ್ಟೇ ದೊಡ್ಡದಾಗಿ ಇಟ್ಟುಕೊಳ್ಳಿ.

ಪಾಲಕರಿಗೊಂದು ಮಾತು. ನಲವತ್ತರ ನಂತರ ಕಣ್ಣಿನ ಮಸೂರ ಬಿರುಸಾಗಿ ಹತ್ತಿರದ್ದು ಮಸುಕಾಗುತ್ತದೆ. ಓದುವ ಕನ್ನಡಕವನ್ನು ಸಾಮಾನ್ಯವಾಗಿ ಪುಸ್ತಕದ ದೂರಕ್ಕೆ, ಅಂದರೆ ಸುಮಾರು 40 ಸೆಂಟಿಮೀಟರ್‌ಗೆ ಕೊಟ್ಟಿರುತ್ತಾರೆ. ಸೈಕಲ್ಲಿನ ಹ್ಯಾಂಡಲ್ ಅದಕ್ಕಿಂತ ದೂರ. ಮಸುಕಾದ ಅಕ್ಷರವನ್ನು ಎಷ್ಟು ಹಿಗ್ಗಿಸಿದರೂ ಅದು ದೊಡ್ಡ ಮಸುಕೇ. ಕನ್ನಡಕದ ಅಂಗಡಿಗೆ ಹೋಗುವಾಗ ಈ ದೂರವನ್ನು ಟೇಪಿನಿಂದ ಅಳೆದುಕೊಂಡು ಹೋಗಿ ಹೇಳಿ.

ವಿದ್ಯಾರ್ಥಿಗಳೇ, ಈ ಭಾನುವಾರ ಒಂದು ಪ್ರಯೋಗ ಮಾಡಿ. ಫೋನಿನಲ್ಲಿ 'ಚಿತ್ರದುರ್ಗ' ಎಂದು ಬರೆದು ಹ್ಯಾಂಡಲಿನ ಮೇಲಿಡಿ. 'ತ್ರ'ದ ಕೆಳಗಿನ ಒತ್ತಕ್ಷರವೂ 'ರ್ಗ'ದ ಅರ್ಕಾವತ್ತೂ ಮೂಲಾಕ್ಷರಕ್ಕಿಂತ ಚಿಕ್ಕವು. ಮೊದಲು ಕೈಕೊಡುವುದು ಅವೇ. ಸೀಟಿನ ಮೇಲೆ ಕುಳಿತು, ಪೆಡಲ್ ತುಳಿಯುತ್ತಲೇ, ಬಗ್ಗದೆ ಅವೆರಡನ್ನೂ ಓದಲಾದರೆ ಗಾತ್ರ ಸರಿಯಿದೆ. ನಂತರ ಅಪ್ಪನನ್ನೋ ಅಮ್ಮನನ್ನೋ ಅದೇ ಸೀಟಿನಲ್ಲಿ ಕೂರಿಸಿ. ನಿಮಗೆ ಸರಿಯಾದದ್ದು ಅವರಿಗೆ ಸಾಲದಿರಬಹುದು. ಗಾತ್ರವನ್ನು ಸೈಕಲ್ಲಿನ ಮೇಲೆ ಕೂರುವವರ ಕಣ್ಣಿಗೆ ತಕ್ಕಂತೆ ಹೊಂದಿಸಬೇಕು, ಫೋನು ಕೈಯಲ್ಲಿ ಹಿಡಿದವರ ಕಣ್ಣಿಗಲ್ಲ.