ಭಾರ ಹೊರದ ತೊಲೆಗಳು

ಕಳೆದ ದಸರೆಯ ರಜೆಯಲ್ಲಿ ಯೇವಲಾದ ನಾವು ನಾಲ್ಕಾರು ಕನ್ನಡ ಮನೆಯವರು ಬುತ್ತಿ ಕಟ್ಟಿಕೊಂಡು, ವೈಜಾಪುರದ ಮಾರ್ಗವಾಗಿ ಎಲ್ಲೋರಕ್ಕೆ ಹೋಗಿ ಬಂದೆವು. ಹೊರಟದ್ದು ಕೈಲಾಸ ನೋಡಲಿಕ್ಕೆ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಆ ಗುಡಿಯನ್ನು ಕನ್ನಡಿಗರು ನೋಡದೆ ಇನ್ನಾರು ನೋಡಬೇಕು? ಆದರೆ ಮನಸ್ಸಿನಲ್ಲಿ ಬೇರೂರಿದ್ದು ಹತ್ತನೆಯ ಗವಿ.

ಅದು ಸುಮಾರು ಏಳನೆಯ ಶತಮಾನದ ಬೌದ್ಧ ಚೈತ್ಯ. ಜನ ಅದನ್ನು ‘ಸುತಾರ್ ಕಾ ಝೋಪಡಾ’, ಎಂದರೆ ಬಡಗಿಯ ಗುಡಿಸಲು, ಎನ್ನುತ್ತಾರೆ. ಒಳಗೆ ತಲೆಯೆತ್ತಿದರೆ ಕಮಾನಿನ ಛಾವಣಿಗೆ ಪಕ್ಕೆಲುಬಿನಂತೆ ಬಾಗಿದ ತೊಲೆಗಳ ಸಾಲು. ಎಲ್ಲವೂ ಕರಿಗಲ್ಲು! ಗುಡ್ಡವನ್ನೇ ಕೊರೆದ ಗವಿಗೆ ತೊಲೆ ಏತಕ್ಕೆ? ಅವು ಯಾವ ಭಾರವನ್ನೂ ಹೊರುವುದಿಲ್ಲ. “ಮತ್ತೆ ಕೆತ್ತಿದ್ದೇಕೆ?” ಎಂದಳು ಜೊತೆಯಲ್ಲಿದ್ದ ಪುಟ್ಟ ಹುಡುಗಿ.

ಮೊದಲು ಕಟ್ಟುತ್ತಿದ್ದುದು ಮರದಲ್ಲಿ. ಲೋಣಾವಳದ ಹತ್ತಿರದ ಕಾರ್ಲಾ ಚೈತ್ಯದಲ್ಲಿ ನಿಜವಾದ ಮರದ ತೊಲೆಗಳು ಇಂದಿಗೂ ಇವೆ. ಕೆಲಸ ಕಲ್ಲಿಗೆ ಬಂದ ಮೇಲೂ ಕಣ್ಣು ಮರದ ರೂಪವನ್ನೇ ಬೇಡಿತು.

ದೂರದ ಗ್ರೀಸಿನಲ್ಲಿಯೂ ಹೀಗೆಯೇ ಆಯಿತು. ಅವರ ಮೊದಲ ಗುಡಿಗಳು ಮರ ಮತ್ತು ಹಸಿ ಇಟ್ಟಿಗೆಯವು. ಒಲಿಂಪಿಯಾದ ಹೇರಾ ದೇವಿಯ ಗುಡಿ ಕ್ರಿ.ಪೂ. 600ರ ಸುಮಾರಿನದು. ಅದರ ಮರದ ಕಂಬಗಳನ್ನು ಒಂದೊಂದಾಗಿ ತೆಗೆದು ಕಲ್ಲಿನವನ್ನು ನಿಲ್ಲಿಸಿದರೆಂದು ವಿದ್ವಾಂಸರು ಹೇಳುತ್ತಾರೆ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಪೌಸೇನಿಯಸ್ ಎಂಬ ಪ್ರವಾಸಿ ಅಲ್ಲಿ ಓಕ್ ಮರದ ಕಂಬವೊಂದು ಉಳಿದಿದ್ದುದನ್ನು ಕಂಡಿದ್ದ.

ಕ್ರಿ.ಪೂ. 447ರಲ್ಲಿ ಅಥೆನ್ಸಿನವರು ಪೆಂಟೆಲಿ ಬೆಟ್ಟದ ಅಮೃತಶಿಲೆಯಿಂದ ಪಾರ್ಥೆನಾನ್ ಗುಡಿಯನ್ನು ಕಟ್ಟತೊಡಗಿದರು. ಕಲ್ಲಿನ ತೊಲೆ ಮರದಂತೆ ಬಾಗದು, ಮುರಿಯುತ್ತದೆ. ಆದುದರಿಂದ ಕಂಬಗಳು ಹತ್ತಿರ ಹತ್ತಿರ ನಿಂತವು. ಅವುಗಳ ಮೇಲಿನ ಪಟ್ಟಿಯಲ್ಲಿ ಉದ್ದ ಗೀರುಗಳ ಫಲಕಗಳನ್ನೂ ಕೆಳಗೆ ಗೂಟದ ತಲೆಯಂಥ ಗುಬುಟುಗಳನ್ನೂ ಕೆತ್ತಿದರು. ಈ ಫಲಕಗಳು ಹಳೆಯ ಮರದ ತೊಲೆಗಳ ತುದಿಯ ನೆನಪೆಂದು ರೋಮಿನ ವಿಟ್ರೂವಿಯಸ್ ಬರೆದ. ಈಗಿನ ಕೆಲವರು ಅದನ್ನು ಪೂರ್ತಿ ಒಪ್ಪುವುದಿಲ್ಲ. ಒಂದಂತೂ ನಿಜ: ಅಮೃತಶಿಲೆಯ ಹೆಂಚುಗಳ ಭಾರವನ್ನು ಒಳಗೆ ಹೊತ್ತಿದ್ದುದು ಆಗಲೂ ಮರದ ತೊಲೆಗಳೇ!

ಇದನ್ನೆಲ್ಲ ಆ ಹುಡುಗಿಗೆ ವಿವರಿಸಿ ಮರಳುವಾಗ ನಮಗೆ ಒಂದು ಸಂಗತಿ ಚುಚ್ಚಿತು. ಅವಳು ಕೇಳಿದ್ದು ಮರಾಠಿಯಲ್ಲಿ. ನಾವು ಹೇಳಿದ್ದೂ ಮರಾಠಿಯಲ್ಲಿಯೇ. ಮರಾಠಿ ನಮಗೆ ಅನ್ನವಿಟ್ಟ ನೆಲದ ನುಡಿ; ಅದರ ಮೇಲೆ ನಮ್ಮ ದೂರಿಲ್ಲ. ದೂರು ನಮ್ಮ ಮೇಲೆಯೇ. ನವೆಂಬರಿನ ರಾಜ್ಯೋತ್ಸವ, ಯುಗಾದಿಯ ಹೋಳಿಗೆ, ಗೋಡೆಯ ಮೇಲಿನ ಭುವನೇಶ್ವರಿಯ ಪಟ ಎಲ್ಲವೂ ಚೆಂದವೇ. ಆದರೆ ದಿನದ ಲೆಕ್ಕ, ಜಗಳ, ಮುದ್ದು, ಮಕ್ಕಳ ಪ್ರಶ್ನೆ ಇವುಗಳ ಭಾರ ಹೊರದ ಕನ್ನಡ, ಬಡಗಿಯ ಗುಡಿಸಲಿನ ಕಲ್ಲಿನ ತೊಲೆಯಂತೆಯೇ ಅಲ್ಲವೆ?

ಮುಂದಿನ ಸಂಚಿಕೆ ಬರುವವರೆಗೆ ರಾತ್ರಿಯ ಊಟದ ಮಾತನ್ನಾದರೂ ಕನ್ನಡದಲ್ಲಿ ಆಡೋಣ. ಆ ಹುಡುಗಿಗೆ ನಾವು ಕನ್ನಡದಲ್ಲೊಂದು ಉತ್ತರ ಬಾಕಿ ಇದ್ದೇವೆ. ಅದನ್ನೇ ಇಲ್ಲಿ ಬರೆದಿದ್ದೇವೆ. ಅವಳ ತಾಯಿ ಇದನ್ನು ಅವಳಿಗೆ ಓದಿ ಹೇಳಲಿ.