ಮುಳುಗಿಸುವ ಮುನ್ನ ತೊಳೆಯಬೇಕು

ಕಾರವಾರಕ್ಕೆ ಪ್ರವಾಸ ಹೋದ ವಿದ್ಯಾರ್ಥಿಗಳು ಅಲ್ಲಿನ ಕಡಲತೀರದಲ್ಲಿ ‘ಐಎನ್‌ಎಸ್ ಚಪಲ್’ ನೌಕೆಯನ್ನು ನೋಡಿರಬಹುದು. ನಿವೃತ್ತಿಯಾದ ಮೇಲೆ ಅದು ವಸ್ತುಸಂಗ್ರಹಾಲಯವಾಯಿತು. ಎಲ್ಲ ಯುದ್ಧನೌಕೆಗಳಿಗೂ ಈ ಭಾಗ್ಯವಿಲ್ಲ. ಹೆಚ್ಚಿನವು ಗುಜರಿಗೆ ಹೋಗುತ್ತವೆ. ಕೆಲವನ್ನು ಮಾತ್ರ ಬೇಕೆಂದೇ ಸಮುದ್ರದಲ್ಲಿ ಮುಳುಗಿಸುತ್ತಾರೆ. ಏಕೆ ಗೊತ್ತೆ? ಮೀನುಗಳಿಗೆ ಮನೆಯಾಗಲಿ ಎಂದು!

ಹೀಗೆ ಮೀನಿನ ಮನೆಯಾದ ಯುದ್ಧನೌಕೆಗಳಲ್ಲಿ ಅತಿ ದೊಡ್ಡದು ಅಮೆರಿಕದ ‘ಒರಿಸ್ಕನಿ’. 900 ಅಡಿಗೂ ಉದ್ದದ ಈ ವಿಮಾನವಾಹಕ ನೌಕೆ 1950ರಲ್ಲಿ ಸೇವೆಗೆ ಸೇರಿ, ಕೊರಿಯಾ ಮತ್ತು ವಿಯೆಟ್ನಾಂ ಯುದ್ಧಗಳನ್ನು ಕಂಡಿತು. 1966ರಲ್ಲಿ ಅದರೊಳಗೆ ಹೊತ್ತಿದ ಬೆಂಕಿಗೆ 44 ಮಂದಿ ಬಲಿಯಾದರು. 1976ರಲ್ಲಿ ನಿವೃತ್ತಿ. ಆಮೇಲೆ ಬಹಳ ವರ್ಷ ಅದು ಬಳಕೆಯಿಲ್ಲದೆ ಉಳಿಯಿತು. ಕೊನೆಗೆ 2006ರ ಮೇ 17ರಂದು ಫ್ಲಾರಿಡಾದ ಪೆನ್ಸಕೋಲಾ ತೀರದಿಂದ ಸುಮಾರು 40 ಕಿ.ಮೀ. ದೂರದಲ್ಲಿ, ಮೆಕ್ಸಿಕೋ ಕೊಲ್ಲಿಯಲ್ಲಿ ಸ್ಫೋಟಕ ಸಿಡಿಸಿ ಮುಳುಗಿಸಿದರು. 37 ನಿಮಿಷಗಳಲ್ಲಿ ಹಡಗು 212 ಅಡಿ ಆಳದ ತಳ ಸೇರಿ ನೆಟ್ಟಗೆ ಕುಳಿತಿತು.

ಕಬ್ಬಿಣಕ್ಕೂ ಮೀನಿಗೂ ಏನು ಸಂಬಂಧ? ಅಲ್ಲಿನ ಕಡಲ ತಳವೆಲ್ಲ ಬರೀ ಮರಳು. ಸ್ಪಂಜು, ಬಾರ್ನಕಲ್, ಮೃದು ಹವಳದಂಥ ಜೀವಿಗಳ ಮರಿಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೆಲೆಯೂರಲು ಅವಕ್ಕೆ ಅಲುಗಾಡದ ಗಟ್ಟಿ ನೆಲ ಬೇಕು. ಹಡಗು ಅದನ್ನು ಒದಗಿಸುತ್ತದೆ. ಅವು ಅಂಟಿಕೊಂಡರೆ ಮೇಯಲು ಸಣ್ಣ ಮೀನು ಬರುತ್ತವೆ, ಸಂದುಗೊಂದುಗಳಲ್ಲಿ ಅಡಗುತ್ತವೆ. ಅವನ್ನು ಹಿಡಿಯಲು ದೊಡ್ಡ ಮೀನು ಬರುತ್ತವೆ. ಇದೇ ಕೃತಕ ಬಂಡೆಸಾಲು.

ಹಾಗಾದರೆ ಹಳೆಯದನ್ನೆಲ್ಲ ಸಮುದ್ರಕ್ಕೆ ನೂಕಬಹುದೆ? ಅದೇ ಫ್ಲಾರಿಡಾದಲ್ಲಿ, ಫೋರ್ಟ್ ಲಾಡರ್‌ಡೇಲ್ ಬಳಿ, 1970ರ ದಶಕದಲ್ಲಿ ಇಂಥದೇ ಆಸೆಯಿಂದ ಸುಮಾರು 20 ಲಕ್ಷ ಟೈರುಗಳನ್ನು ಕಟ್ಟುಕಟ್ಟಾಗಿ ಮುಳುಗಿಸಿದ್ದರು. ಕಟ್ಟಿದ ಪಟ್ಟಿಗಳು ತುಕ್ಕು ಹಿಡಿದು ಬಿಚ್ಚಿಕೊಂಡವು. ಬಿರುಗಾಳಿ ಬಂದಾಗಲೆಲ್ಲ ಟೈರುಗಳು ಉರುಳಿ ಹತ್ತಿರದ ನಿಜವಾದ ಹವಳದ ಬಂಡೆಗಳನ್ನೇ ಉಜ್ಜಿ ಹಾಳು ಮಾಡಿದವು. 2007ರಿಂದ ಸೇನೆಯ ಮುಳುಗುಗಾರರು ಅವನ್ನು ಹೆಕ್ಕಿ ತೆಗೆಯಬೇಕಾಯಿತು.

ಹಡಗು ಟೈರಿನಂತೆ ಉರುಳದು, ನಿಜ. ಆದರೆ ಅದರ ಹೊಟ್ಟೆಯಲ್ಲಿ ತೈಲ, ಕಲ್ನಾರು, ವಿಷದ ಬಣ್ಣ ಎಲ್ಲ ಇರುತ್ತವೆ. ಒರಿಸ್ಕನಿಯನ್ನು ಮುಳುಗಿಸಲು 37 ನಿಮಿಷ ಸಾಕಾಯಿತು. ಶುಚಿಗೊಳಿಸಿ ಸಜ್ಜು ಮಾಡಲು ವರ್ಷಗಳೇ ಹಿಡಿದವು. ಒಟ್ಟು ಖರ್ಚು ಸುಮಾರು 2 ಕೋಟಿ ಡಾಲರ್. ಅಷ್ಟಾದರೂ ವಿದ್ಯುತ್ ತಂತಿಗಳ ಹೊದಿಕೆಯಲ್ಲಿ ಸೇರಿಕೊಂಡಿದ್ದ ‘ಪಿಸಿಬಿ’ ಎಂಬ ವಿಷವಸ್ತು 300 ಕಿಲೋಗೂ ಹೆಚ್ಚು ಉಳಿದೇಬಿಟ್ಟಿತು. ಅಪಾಯ ಅಲ್ಪವೆಂದು ಲೆಕ್ಕ ಹಾಕಿ ಅಲ್ಲಿನ ಪರಿಸರ ಸಂರಕ್ಷಣಾ ಇಲಾಖೆ ಅನುಮತಿ ಕೊಟ್ಟಿತು. ಬಳಿಕ ಅಲ್ಲಿ ಹಿಡಿದ ಮೀನುಗಳಲ್ಲಿ ಪಿಸಿಬಿ ಪತ್ತೆಯಾಯಿತು. ಈ ವಿಷ ಬೇಗ ಕರಗದು. ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ನಮ್ಮ ತಟ್ಟೆಗೆ ದಾಟಬಲ್ಲದು.

ಇನ್ನೊಂದು ಪ್ರಶ್ನೆಯನ್ನು ವಿಜ್ಞಾನಿಗಳು ಇಂದಿಗೂ ಚರ್ಚಿಸುತ್ತಿದ್ದಾರೆ: ಇಂಥ ಹಡಗು ಮೀನಿನ ಸಂತತಿಯನ್ನು ಹೆಚ್ಚಿಸುತ್ತದೆಯೆ, ಅಥವಾ ಚದುರಿದ್ದ ಮೀನುಗಳನ್ನು ಒಂದೆಡೆ ಸೇರಿಸಿ ಗಾಳಕ್ಕೆ ಸುಲಭ ಮಾಡಿಕೊಡುತ್ತದೆಯೆ? ಮಕ್ಕಳೇ, ನಿಮ್ಮಲ್ಲಿ ಯಾರಾದರೂ ಮುಂದೆ ಇದಕ್ಕೆ ಉತ್ತರ ಹುಡುಕಬಹುದು.

ಅಲ್ಲಿಯವರೆಗೆ ಒಂದು ಮಾತು ನೆನಪಿರಲಿ. ಕಣ್ಣಿಗೆ ಕಾಣದಂತೆ ನೀರಿಗೆ ಹಾಕಿದ್ದು ಇಲ್ಲವಾಗುವುದಿಲ್ಲ. ಅದು ಹಡಗಾದರೂ ಸರಿ, ಊರ ಕೆರೆಗೆ ನಾವು ಎಸೆಯುವ ಹಳೆಯ ಬ್ಯಾಟರಿಯಾದರೂ ಸರಿ.