ಮಾರಿಹೋದ ಮೊಹರು

ಬೀದರ ನಗರದ ಹಳೆಯ ಪೇಟೆಯಲ್ಲಿ ಕೋಟೆಯ ಕಡೆಗೆ ನಡೆದು ಹೋಗುವವರಿಗೆ ದಾರಿಯಲ್ಲಿ ಒಂದು ಭಗ್ನ ಭವನವು ಕಾಣಿಸುತ್ತದೆ. ಅದರ ಒಂದು ಮಿನಾರು ಮಾತ್ರ ಇಂದಿಗೂ ತಲೆಯೆತ್ತಿ ನಿಂತಿದೆ. ಬಣ್ಣಬಣ್ಣದ ಹೆಂಚುಗಳು ಗೋಡೆಯ ಮೇಲೆ ಅಲ್ಲಲ್ಲಿ ಉಳಿದು, ಹಿಂದಿನ ವೈಭವವನ್ನು ಸಾರುತ್ತಿವೆ. ಬಹಮನೀ ರಾಜ್ಯದ ಪ್ರಧಾನಮಂತ್ರಿಯಾಗಿದ್ದ ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ವಿದ್ಯಾಲಯವಿದು. ಕಮಠಾಣ, ಭಾಲ್ಕಿ, ಔರಾದಗಳಿಂದ ನಗರಕ್ಕೆ ಬರುವ ವಿದ್ಯಾರ್ಥಿಗಳು ಇದನ್ನು ನೋಡಿ ಬೆರಗಾಗುವುದುಂಟು. ಆದರೆ ಇದನ್ನು ಕಟ್ಟಿಸಿದವನ ಅಂತ್ಯ ಹೇಗಾಯಿತೆಂಬುದನ್ನು ಯೋಚಿಸುವವರು ವಿರಳ.

ಗವಾನನು ದಕ್ಷ ಆಡಳಿತಗಾರ. ಅವನು ಭೂಮಿಯನ್ನು ಅಳೆಯಿಸಿ ಕಂದಾಯವನ್ನು ಗೊತ್ತುಪಡಿಸಿದನು. ನಾಲ್ಕು ದೊಡ್ಡ ಪ್ರಾಂತಗಳನ್ನು ಎಂಟಾಗಿ ವಿಂಗಡಿಸಿ, ಪ್ರಾಂತಾಧಿಕಾರಿಗಳ ಹಿಡಿತದಲ್ಲಿದ್ದ ಕೋಟೆಗಳನ್ನು ಕಡಿಮೆ ಮಾಡಿದನು. ಇದರಿಂದ ಸ್ವಾರ್ಥಕ್ಕೆ ಧಕ್ಕೆಯೊದಗಿದ ಕೆಲವು ಸರದಾರರು ಅವನ ಮೇಲೆ ಹಗೆ ಸಾಧಿಸಿದರು. ನೇರವಾಗಿ ಎದುರಿಸಲಾರದೆ ಅವರು ಹಿಡಿದ ದಾರಿ ಯಾವುದು? ಚರಿತ್ರಕಾರನಾದ ಫಿರಿಸ್ತಾ ಹೇಳುವಂತೆ, ಅವರು ಗವಾನನ ಮೊಹರನ್ನು ಕಾಯುವ ಸೇವಕನನ್ನು ಉಡುಗೊರೆಗಳಿಂದ ಒಲಿಸಿಕೊಂಡರು. ಅವನು ಕುಡಿದ ಅಮಲಿನಲ್ಲಿದ್ದಾಗ ಒಂದು ಕಾಗದದ ಮೇಲೆ ಮೊಹರು ಒತ್ತಿಸಿಕೊಂಡರು. ಸುಲ್ತಾನನ ರಾಜ್ಯದ ಮೇಲೆ ದಂಡೆತ್ತಿ ಬರುವಂತೆ ಒರಿಸ್ಸಾದ ಅರಸನಿಗೆ ಗವಾನನೇ ಬರೆದಂತೆ ಆ ಕಾಗದದ ಮೇಲೆ ಒಂದು ಸುಳ್ಳು ಪತ್ರ ಸಿದ್ಧವಾಯಿತು. ಮೊಹರು ತನ್ನದೇ ಹೊರತು ಪತ್ರ ತನ್ನದಲ್ಲವೆಂದು ವೃದ್ಧ ಮಂತ್ರಿ ಅರಿಕೆ ಮಾಡಿಕೊಂಡರೂ ಸುಲ್ತಾನ ಮೂರನೆಯ ಮುಹಮ್ಮದ ಶಾಹನು ವಿಚಾರಣೆಗೆ ಮನಸ್ಸು ಮಾಡಲಿಲ್ಲ. 1481ರ ಏಪ್ರಿಲ್ ತಿಂಗಳಲ್ಲಿ ಗವಾನನ ಶಿರಚ್ಛೇದವಾಯಿತು. ಬಳಿಕ ಅವನ ಭಂಡಾರವನ್ನು ಶೋಧಿಸಿದಾಗ ಅಲ್ಲಿ ಕೂಡಿಟ್ಟ ಐಶ್ವರ್ಯವೇ ಇರಲಿಲ್ಲ. ಸುಲ್ತಾನನು ಪಶ್ಚಾತ್ತಾಪಪಟ್ಟನು, ಮರುವರ್ಷವೇ ತೀರಿಕೊಂಡನು. ಕೆಲವು ದಶಕಗಳಲ್ಲಿ ಬಹಮನೀ ರಾಜ್ಯವು ಐದು ಹೋಳಾಯಿತು.

ರಾಜ್ಯದ ಪತನಕ್ಕೆ ಬೇರೆ ಕಾರಣಗಳೂ ಇದ್ದವೆಂಬುದು ನಿಜ. ಆದರೆ ಅಂದು ಮಾರಾಟವಾದದ್ದು ಕೇವಲ ಒಂದು ಲೋಹದ ಮುದ್ರೆಯಲ್ಲ. ಆ ಮುದ್ರೆಯಿದ್ದಲ್ಲಿ ಸತ್ಯವಿರುತ್ತದೆಂಬ ನಂಬಿಕೆಯೇ ಅಂದು ಮಾರಾಟವಾಯಿತು. ಭ್ರಷ್ಟಾಚಾರದ ನಿಜಸ್ವರೂಪವು ಇದೇ. ಸಾರ್ವಜನಿಕರು ವಿಶ್ವಾಸದಿಂದ ಒಬ್ಬನ ಕೈಗೆ ಕೊಟ್ಟ ಅಧಿಕಾರವನ್ನು ಆತನು ಸ್ವಂತ ಲಾಭಕ್ಕಾಗಿ ಮಾರಿಕೊಳ್ಳುವುದೇ ಭ್ರಷ್ಟಾಚಾರ. ಕಳ್ಳನು ಹಣವನ್ನು ಕದಿಯುತ್ತಾನೆ. ಲಂಚಕೋರನು ಹಣದೊಡನೆ ಜನರ ನಂಬಿಕೆಯನ್ನೂ ಕದಿಯುತ್ತಾನೆ.

ಇಂದು ಸುಲ್ತಾನರಿಲ್ಲ, ಆದರೆ ಮೊಹರುಗಳಿವೆ. ಕಮಠಾಣದಂತಹ ಊರಿನ ಒಬ್ಬ ಬಡ ವಿಧವೆಯನ್ನು ಕಲ್ಪಿಸಿಕೊಳ್ಳಿರಿ. ಮಗಳ ವಿದ್ಯಾರ್ಥಿವೇತನಕ್ಕೆ ಆದಾಯದ ಪ್ರಮಾಣಪತ್ರ ಬೇಕಾಗಿದೆ. ಒಂದು ದಿನದ ಕೂಲಿಯನ್ನು ಬಿಟ್ಟು, ಬಸ್ಸಿನ ಖರ್ಚು ಹಾಕಿಕೊಂಡು ಬೀದರಿನ ಕಚೇರಿಗೆ ಬಂದರೆ, “ನಾಳೆ ಬಾರಮ್ಮ” ಎಂಬ ಉತ್ತರ ದೊರೆಯುತ್ತದೆ. ಮರುದಿನವೂ ಅದೇ ಮಾತು. ಮೂರನೆಯ ದಿನ ಬಾಗಿಲ ಬಳಿ ನಿಂತವನೊಬ್ಬ ಮೆಲ್ಲಗೆ “ಚಾ-ಪಾನಿ”ಯ ಪ್ರಸ್ತಾಪವೆತ್ತುತ್ತಾನೆ. ಕಾನೂನಿನಂತೆ ಅವಳಿಗೆ ಸಲ್ಲಬೇಕಾದುದನ್ನು ಅವಳೇ ಕೊಂಡುಕೊಳ್ಳಬೇಕಾಗುತ್ತದೆ. ಶ್ರೀಮಂತನಿಗೆ ಇನ್ನೂರು ರೂಪಾಯಿ ಒಂದು ಚಿಲ್ಲರೆ ಖರ್ಚು. ಆ ತಾಯಿಗೆ ಅದು ಮನೆಯ ಜೋಳದ ಹಿಟ್ಟು, ಮಗಳ ಪುಸ್ತಕ. ಆದ್ದರಿಂದ ಲಂಚವೆಂಬುದು ಬಡವರ ಮೇಲೆ ಹೇರಿದ ತೆರಿಗೆ. ಬಡತನ ಹೆಚ್ಚಿದಷ್ಟೂ ಅದರ ಭಾರವೂ ಹೆಚ್ಚು.

ಇದರ ಹಾನಿ ಇಲ್ಲಿಗೇ ಮುಗಿಯುವುದಿಲ್ಲ. ಗುತ್ತಿಗೆಯಲ್ಲಿ ಪಾಲು ಕೊಟ್ಟವನು ಆ ನಷ್ಟವನ್ನು ಸಿಮೆಂಟಿನಲ್ಲಿ ತುಂಬಿಕೊಳ್ಳುತ್ತಾನೆ. ಸೇತುವೆ ಮೊದಲ ಮಳೆಗೇ ಬಿರುಕು ಬಿಡುತ್ತದೆ. ಹಣ ಕೊಟ್ಟು ನೌಕರಿ ಪಡೆದವನು ಆ ಹಣವನ್ನು ಜನರಿಂದಲೇ ಮರಳಿ ವಸೂಲಿ ಮಾಡಲು ನೋಡುತ್ತಾನೆ. ಯೋಗ್ಯತೆಯುಳ್ಳ ಬಡ ವಿದ್ಯಾರ್ಥಿ ಹೊರಗೆ ಉಳಿಯುತ್ತಾನೆ. ಓದಿ ಪ್ರಯೋಜನವೇನು ಎಂಬ ನಿರಾಶೆ ತರುಣರ ಮನಸ್ಸಿನಲ್ಲಿ ಬೇರೂರಿದರೆ, ಅದಕ್ಕಿಂತ ದೊಡ್ಡ ನಷ್ಟ ಸಮಾಜಕ್ಕೆ ಬೇರೊಂದಿಲ್ಲ.

ಕಚೇರಿಯ ಬಾಗಿಲಲ್ಲಿ ನಡೆಯುವ ಲಂಚಕ್ಕೆ ಊರಿನ ಎಲ್ಲೆಯಿದ್ದರೆ, ದೊಡ್ಡ ಮೊತ್ತದ ಭ್ರಷ್ಟಾಚಾರಕ್ಕೆ ದೇಶದ ಎಲ್ಲೆಯೂ ಇಲ್ಲ. ನಮ್ಮ ರಾಜ್ಯದ ಬಳ್ಳಾರಿಯೇ ಇದಕ್ಕೆ ನಿದರ್ಶನ. ಚೀನಾ ದೇಶದ ಉಕ್ಕಿನ ಕಾರ್ಖಾನೆಗಳಿಂದ ಬೇಡಿಕೆ ಹೆಚ್ಚಿ ಕಬ್ಬಿಣದ ಅದಿರಿನ ಬೆಲೆ ಏರಿದಾಗ, ಅಲ್ಲಿಯ ಗುಡ್ಡಗಳನ್ನು ಪರವಾನಿಗೆಯ ಎಲ್ಲೆ ಮೀರಿ ಅಗೆಯಲಾಯಿತು. ಅದಿರು ಲಾರಿಗಳಲ್ಲಿ ಸಾಗಿ, ಉತ್ತರ ಕನ್ನಡದ ಬೇಲೇಕೇರಿ ಮುಂತಾದ ಬಂದರುಗಳಿಂದ ಹಡಗೇರಿತು. ಬೇಲೇಕೇರಿಯಲ್ಲಿ ಮುಟ್ಟುಗೋಲು ಹಾಕಿಕೊಂಡಿದ್ದ ಲಕ್ಷಾಂತರ ಟನ್ ಅದಿರೇ 2010ರಲ್ಲಿ ಕಾಣೆಯಾಗಿದ್ದುದು ಬೆಳಕಿಗೆ ಬಂದಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ ಹೆಗ್ಡೆಯವರು 2011ರ ಜುಲೈಯಲ್ಲಿ ಸಲ್ಲಿಸಿದ ವರದಿಯು ಸರ್ಕಾರಕ್ಕೆ ಉಂಟಾದ ನಷ್ಟವನ್ನು 16,085 ಕೋಟಿ ರೂಪಾಯಿಗಳೆಂದು ಅಂದಾಜು ಮಾಡಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದೇ ತಿಂಗಳು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಗುಡ್ಡ ನಮ್ಮದು, ಕೊಳ್ಳುವವರು ಸಮುದ್ರದಾಚೆಯವರು. ಹಣ ಎಲ್ಲಿ ಅಡಗಿದರೂ ಅಡಗಬಹುದು. ಇಂತಹ ಅಪರಾಧವನ್ನು ಒಂದೇ ದೇಶದ ಪೋಲೀಸರು ಹಿಡಿಯುವುದು ಹೇಗೆ?

ಈ ಪ್ರಶ್ನೆಯೇ ಜಗತ್ತಿನ ರಾಷ್ಟ್ರಗಳನ್ನು ಒಂದುಗೂಡಿಸಿತು. ಅಮೆರಿಕೆಯ ಲಾಕ್‌ಹೀಡ್ ಎಂಬ ವಿಮಾನ ಸಂಸ್ಥೆಯು ತನ್ನ ವಿಮಾನಗಳನ್ನು ಮಾರುವುದಕ್ಕಾಗಿ ಜಪಾನ್ ಮೊದಲಾದ ದೇಶಗಳ ಗಣ್ಯರಿಗೆ ಲಂಚ ಕೊಟ್ಟ ಸಂಗತಿ 1976ರಲ್ಲಿ ಬಯಲಾಯಿತು. ಮರುವರ್ಷವೇ ಅಮೆರಿಕೆಯು ಪರದೇಶದ ಅಧಿಕಾರಿಗಳಿಗೆ ಲಂಚ ಕೊಡುವುದನ್ನೂ ಅಪರಾಧವೆಂದು ಸಾರುವ ಕಾನೂನನ್ನು ಮಾಡಿತು. ಅದಾದ ಮೇಲೆಯೂ ಯೂರೋಪಿನ ಕೆಲವು ದೇಶಗಳಲ್ಲಿ ಹೊರನಾಡಿನಲ್ಲಿ ಕೊಟ್ಟ ಲಂಚವನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆಯಲ್ಲಿ ರಿಯಾಯಿತಿ ಪಡೆಯುವುದೂ ಸಾಧ್ಯವಿದ್ದಿತು! ಮುಂದುವರಿದ ರಾಷ್ಟ್ರಗಳು ತಮ್ಮೊಳಗೆ ಲಂಚವಿರೋಧಿ ಒಪ್ಪಂದವೊಂದಕ್ಕೆ ಬರಲು 1997ರವರೆಗೆ ಕಾಯಬೇಕಾಯಿತು. ಲಂಚ ತೆಗೆದುಕೊಳ್ಳುವ ಬಡ ದೇಶಗಳನ್ನು ದೂಷಿಸುವವರು, ಕೊಡುವ ಶ್ರೀಮಂತ ಕೈಗಳನ್ನೂ ನೋಡಬೇಕೆಂಬುದಕ್ಕೆ ಈ ಇತಿಹಾಸವೇ ಸಾಕ್ಷಿ.

2003ರ ಅಕ್ಟೋಬರ್ 31ರಂದು ವಿಶ್ವಸಂಸ್ಥೆಯ ಮಹಾಸಭೆಯು ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಯನ್ನು ಅಂಗೀಕರಿಸಿತು. ಅದೇ ಡಿಸೆಂಬರ್ 9ರಂದು ಮೆಕ್ಸಿಕೋ ದೇಶದ ಮೆರಿಡಾ ನಗರದಲ್ಲಿ ರಾಷ್ಟ್ರಗಳು ಅದಕ್ಕೆ ಸಹಿ ಹಾಕಲಾರಂಭಿಸಿದವು. ಆದುದರಿಂದಲೇ ಆ ದಿನವನ್ನು ಅಂತರರಾಷ್ಟ್ರೀಯ ಭ್ರಷ್ಟಾಚಾರ ವಿರೋಧಿ ದಿನವೆಂದು ಆಚರಿಸುತ್ತಾರೆ. ಭಾರತವು 2005ರಲ್ಲಿ ಸಹಿ ಮಾಡಿ, 2011ರ ಮೇ ತಿಂಗಳಲ್ಲಿ ಅದನ್ನು ಸ್ಥಿರೀಕರಿಸಿತು. ಅಪರಾಧ ನಡೆಯದಂತೆ ತಡೆಯುವುದು, ನಡೆದರೆ ಶಿಕ್ಷಿಸುವುದು, ತನಿಖೆಯಲ್ಲಿ ದೇಶದೇಶಗಳು ನೆರವಾಗುವುದು, ಕದ್ದು ಹೊರದೇಶದಲ್ಲಿ ಬಚ್ಚಿಟ್ಟ ಧನವನ್ನು ಅದರ ಒಡೆಯರಾದ ಜನರಿಗೆ ಮರಳಿಸುವುದು - ಇವು ಅದರ ನಾಲ್ಕು ಕಂಬಗಳು. ಕೊನೆಯದು ಬರಿಯ ಕನಸಲ್ಲ. ಫಿಲಿಪ್ಪೀನ್ಸಿನ ಮಾಜಿ ಅಧ್ಯಕ್ಷ ಮಾರ್ಕೋಸನು ಸ್ವಿಟ್ಜರ್ಲೆಂಡಿನ ಬ್ಯಾಂಕುಗಳಲ್ಲಿ ಅಡಗಿಸಿಟ್ಟಿದ್ದ ಕೋಟ್ಯಂತರ ಡಾಲರು ಹಣವು, ದೀರ್ಘಕಾಲದ ನ್ಯಾಯಾಂಗ ಹೋರಾಟದ ಬಳಿಕ ಆ ದೇಶಕ್ಕೆ ಮರಳಿತು.

ಆದರೆ ಮೆರಿಡಾದಲ್ಲಿ ಬಿದ್ದ ಸಹಿಯಿಂದ ಕಮಠಾಣದ ತಾಯಿಗೆ ಪ್ರಮಾಣಪತ್ರ ದೊರೆಯುವುದೆ? ತಾನಾಗಿ ದೊರೆಯುವುದಿಲ್ಲ. ಲಂಚವು ಮುಚ್ಚಿದ ಬಾಗಿಲಿನ ಹಿಂದೆ ಬೆಳೆಯುವ ಬೂಷ್ಟು. ಬೆಳಕು ಬಿದ್ದಲ್ಲಿ ಅದು ಬಾಡುತ್ತದೆ. ಬೆಳಕನ್ನು ತರುವ ಉಪಾಯ ಪ್ರತಿಯೊಂದು ಕಚೇರಿಯಲ್ಲಿಯೂ ಆಗಬೇಕು. ಕರ್ನಾಟಕವು ಈ ದಿಕ್ಕಿನಲ್ಲಿ ಇಟ್ಟ ಹೆಜ್ಜೆಗಳು ಉಲ್ಲೇಖಾರ್ಹವಾಗಿವೆ. ಹಿಂದೆ ರೈತನ ಪಹಣಿ ಗ್ರಾಮ ಲೆಕ್ಕಿಗನ ಕೈಬರಹದ ಪುಸ್ತಕದಲ್ಲಿ ಅಡಗಿತ್ತು. ಅವನ ಮರ್ಜಿಯಿಲ್ಲದೆ ಅದು ಹೊರಗೆ ಬರುತ್ತಿರಲಿಲ್ಲ. ‘ಭೂಮಿ’ ಯೋಜನೆಯು ಆ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ಗೊತ್ತಾದ ಶುಲ್ಕ ಕೊಟ್ಟು ಪಹಣಿ ಪಡೆಯುವುದು ಸಾಧ್ಯವಾಯಿತು.

2011ರಲ್ಲಿ ರಾಜ್ಯವು ನಾಗರಿಕ ಸೇವೆಗಳ ಖಾತರಿಯ ಕಾನೂನನ್ನು ಮಾಡಿತು. ‘ಸಕಾಲ’ವೆಂದು ಹೆಸರಾದ ಈ ಯೋಜನೆಯನ್ನು 2012ರ ಮಾರ್ಚಿಯಲ್ಲಿ ಮೊದಲು ನಾಲ್ಕು ತಾಲೂಕುಗಳಲ್ಲಿ ಪ್ರಯೋಗಿಸಿ ನೋಡಿದರು. ಧಾರವಾಡ, ಚಿತ್ರದುರ್ಗ, ಪುತ್ತೂರುಗಳೊಡನೆ ನಮ್ಮ ಜಿಲ್ಲೆಯ ಔರಾದವೂ ಅವುಗಳಲ್ಲಿ ಒಂದಾಗಿತ್ತೆಂಬುದು ನಮಗೆ ಹೆಮ್ಮೆಯ ವಿಷಯ. ಏಪ್ರಿಲ್ ತಿಂಗಳಲ್ಲಿ ಅದು ರಾಜ್ಯಕ್ಕೆಲ್ಲ ಹಬ್ಬಿತು. ಅರ್ಜಿ ಕೊಟ್ಟವನಿಗೆ ಒಂದು ಸಂಖ್ಯೆಯುಳ್ಳ ರಸೀದಿ ದೊರೆಯಬೇಕು. ಇಂತಿಷ್ಟು ದಿನಗಳಲ್ಲಿ ಕೆಲಸವಾಗಬೇಕು. ತಡವಾದರೆ ಮೇಲಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಕಾನೂನು ಜಾರಿಗೆ ಬಂದಾಗ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವನ್ನೂ ಅದರಲ್ಲಿ ಗೊತ್ತುಪಡಿಸಲಾಗಿತ್ತು. ಹಣ ಅಲ್ಪವೆಂದು ನಗಬಾರದು. “ನಾಳೆ ಬಾ” ಎಂಬ ಮಾತಿಗೆ ಬೆಲೆ ಕಟ್ಟಿದುದೇ ಇಲ್ಲಿಯ ವಿಶೇಷ. 2005ರ ಮಾಹಿತಿ ಹಕ್ಕಿನ ಕಾನೂನೂ ಹೀಗೆಯೇ ಕಡತಗಳ ಬಾಗಿಲನ್ನು ಸಾಮಾನ್ಯ ಪ್ರಜೆಗೆ ತೆರೆಯಿತು.

ಹಾಗೆಂದು ಕಾನೂನು ಮಾಡಿದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದು ತಿಳಿಯುವುದು ಭ್ರಮೆ. ಹಕ್ಕನ್ನು ಅರಿಯದವನಿಗೆ ರಸೀದಿಯು ಕೇವಲ ಒಂದು ಕಾಗದದ ಚೂರು. ಗಣಕಯಂತ್ರದ ಮುಂದೆ ಕುಳಿತವನೂ ಮನುಷ್ಯನೇ. ಸಂಸ್ಥೆಗಳೂ ಏಳುಬೀಳುಗಳನ್ನು ಕಾಣುತ್ತವೆ. 1984ರ ಕಾನೂನಿನಿಂದ ಹುಟ್ಟಿದ ನಮ್ಮ ಲೋಕಾಯುಕ್ತವು 2016ರಲ್ಲಿ ತನ್ನ ತನಿಖಾಧಿಕಾರವನ್ನು ಬೇರೊಂದು ದಳಕ್ಕೆ ಬಿಟ್ಟುಕೊಡಬೇಕಾಯಿತು. 2022ರಲ್ಲಿ ಉಚ್ಚ ನ್ಯಾಯಾಲಯವು ಆ ದಳವನ್ನು ರದ್ದುಪಡಿಸಿದ ಮೇಲೆಯೇ ಅಧಿಕಾರ ಮರಳಿ ಬಂದಿತು. ಬಾಗಿಲನ್ನು ಒಮ್ಮೆ ತೆರೆದರೆ ಸಾಲದು. ಮತ್ತೆ ಮುಚ್ಚದಂತೆ ಜನರು ಎಚ್ಚರವಾಗಿರಬೇಕು.

“ಎಲ್ಲರೂ ಕೊಡುತ್ತಾರೆ, ನಾನೊಬ್ಬ ಕೊಡದಿದ್ದರೆ ಲೋಕ ಬದಲಾದೀತೆ?” ಎಂದು ಹಲವರು ಕೇಳುತ್ತಾರೆ. ಇಲ್ಲಿ ನಾವು ವಿವೇಕದಿಂದ ವಿಂಗಡಿಸಿ ನೋಡಬೇಕು. ತನಗೆ ಸಲ್ಲಬೇಕಾದುದನ್ನು ಪಡೆಯಲು ಬೇರೆ ದಾರಿ ಕಾಣದೆ ಕೊಟ್ಟ ಬಡವಿಯೂ, ಪರರಿಗೆ ಸಲ್ಲಬೇಕಾದುದನ್ನು ಕಸಿಯಲು ಕೊಟ್ಟ ಧನಿಕನೂ ಸಮಾನ ಅಪರಾಧಿಗಳಲ್ಲ. 2018ರಲ್ಲಿ ತಿದ್ದುಪಡಿಯಾದ ನಮ್ಮ ಕಾನೂನು ಲಂಚ ಕೊಡುವವನನ್ನೂ ಶಿಕ್ಷಿಸುತ್ತದೆ; ಆದರೆ ಬಲವಂತಕ್ಕೆ ಸಿಕ್ಕಿ ಕೊಟ್ಟವರು ಏಳು ದಿನಗಳೊಳಗೆ ದೂರು ಕೊಟ್ಟರೆ ಅವರಿಗೆ ರಕ್ಷಣೆಯಿದೆ. ಇದನ್ನು ತಿಳಿದಿರುವವನು ಹೆದರಬೇಕಾಗಿಲ್ಲ. ಮೊದಲನೆಯವನು ರಸೀದಿ ಕೇಳಿದರೆ ಎರಡನೆಯವನಿಗೆ ಧೈರ್ಯ ಬರುತ್ತದೆ. ಹತ್ತನೆಯವನು ಕೇಳುವ ವೇಳೆಗೆ ಅದು ಪದ್ಧತಿಯಾಗುತ್ತದೆ.

ಗವಾನನ ಕಥೆಯಲ್ಲಿ ಇನ್ನೊಂದು ಪಾಠವೂ ಇದೆ. ಮೊಹರನ್ನು ಮಾರಿದವನಷ್ಟೇ, ವಿಚಾರಣೆಯಿಲ್ಲದೆ ದಂಡಿಸಿದ ಸುಲ್ತಾನನೂ ತಪ್ಪಿತಸ್ಥನು. ಭ್ರಷ್ಟರ ಮೇಲಿನ ರೋಷವು ಸಾಕ್ಷ್ಯವನ್ನು ಕೇಳದ ಆರ್ಭಟವಾದರೆ, ಪ್ರಾಮಾಣಿಕನೇ ಮೊದಲು ಬಲಿಯಾಗಬಹುದು. ಗಾಳಿಮಾತಿನಿಂದ ಒಬ್ಬನನ್ನು ಕಳ್ಳನೆನ್ನುವುದೂ ಒಂದು ಅನ್ಯಾಯವೇ. ಆದ್ದರಿಂದ ನಾವು ಕೇಳಬೇಕಾದುದು ದಾಖಲೆಯನ್ನು, ಬಯಸಬೇಕಾದುದು ನ್ಯಾಯವಾದ ವಿಚಾರಣೆಯನ್ನು.

ಕಡೆಯದಾಗಿ, ಯಾವ ಒಡಂಬಡಿಕೆಯೂ ಮುಟ್ಟಲಾರದ ಒಂದು ಎಡೆಯಿದೆ. ಅದು ನಮ್ಮ ಅಂತಃಕರಣ. ನಮ್ಮ ಜಿಲ್ಲೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಆಯ್ದಕ್ಕಿ ಮಾರಯ್ಯನೆಂಬ ಶರಣನಿದ್ದನು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಸಂತೋಷಪಡಲಿಲ್ಲ. ನಮಗೆ ಬೇಕಾದಷ್ಟಕ್ಕಿಂತ ಇದು ಅಧಿಕವೆಂದು ಹೇಳಿ, ತಂದಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸಿದಳು. ಆ ಮನೆಯಲ್ಲಿ ಲೆಕ್ಕ ತಪಾಸಣೆ ಮಾಡುವ ಅಧಿಕಾರಿ ಯಾರೂ ಇರಲಿಲ್ಲ. ಲಕ್ಕಮ್ಮನ ಮನಸ್ಸೇ ಅಲ್ಲಿ ಲೋಕಾಯುಕ್ತವಾಗಿತ್ತು.

ಇಂದು ಶಾಲೆಯ ಬೆಂಚಿನ ಮೇಲೆ ಕುಳಿತಿರುವವರ ಪೈಕಿ ಹಲವರು ನಾಳೆ ಕಚೇರಿಯ ಮೇಜಿನ ಆಚೆ ಕುಳಿತುಕೊಳ್ಳುವರು. ಉಳಿದವರು ಅರ್ಜಿ ಹಿಡಿದು ಈಚೆ ನಿಲ್ಲುವರು. ಈಚೆ ನಿಂತವರು ರಸೀದಿಯನ್ನು ಕೇಳಲಿ. ಆಚೆ ಕುಳಿತವರು ತಮ್ಮ ಕೈಯಲ್ಲಿರುವ ಮೊಹರು ತಮ್ಮದಲ್ಲ, ಜನರದೆಂಬುದನ್ನು ನೆನೆಯಲಿ. ಬೀದರಿನ ಒಂಟಿ ಮಿನಾರು ಐದು ಶತಮಾನಗಳಿಂದ ನಮಗೆ ಹೇಳುತ್ತಿರುವುದು ಇದನ್ನೇ.